ಹೆರಿಗೆಯ ಹೊತ್ತಿನಲ್ಲಿ ಅಪ್ಪನ ಕೆಲಸವೇನು? ಬೇನೆಯ ಮೊದಲ ಗಳಿಗೆಯಿಂದ ಆರನೇ ವಾರದವರೆಗೆ

‘ಹೆರಿಗೆ ಕೋಣೆಯೊಳಗೆ ಹೋದರೆ ನಾನು ಅಲ್ಲಿ ಮಾಡುವುದಾದರೂ ಏನು?’ ಅಪ್ಪನಾಗಲಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇನ್ನೊಂದು ಪ್ರಶ್ನೆ ಮಗು ಹುಟ್ಟಿ ವಾರ ಕಳೆದ ಮೇಲೆ ಬರುತ್ತದೆ, ಅದೂ ದನಿ ತಗ್ಗಿಸಿ: ‘ಎಲ್ಲರೂ ಹೇಳುವ ಆ ಪ್ರೀತಿ ನನ್ನಲ್ಲಿ ಇನ್ನೂ ಉಕ್ಕಿಲ್ಲ. ನನ್ನಲ್ಲೇ ಏನಾದರೂ ಕೊರತೆ ಇದೆಯೇ?’

ಕೊರತೆ ಏನೂ ಇಲ್ಲ. ತಾಯಿಗೂ ಮಗುವಿಗೂ ಒಂಬತ್ತು ತಿಂಗಳ ಒಡನಾಟ ಇರುತ್ತದೆ. ನಿಮಗೆ ಮಗುವಿನ ಪರಿಚಯ ಆಗುವುದೇ ಹುಟ್ಟಿದ ಮೇಲೆ. ಆ ಪರಿಚಯ ಕೈಯ ಮೂಲಕ ಆಗುತ್ತದೆ: ಎತ್ತುವುದು, ಒರೆಸುವುದು, ಬಟ್ಟೆ ಬದಲಿಸುವುದು, ಎದೆಗೊರಗಿಸಿಕೊಂಡು ಕೂರುವುದು. ಇವನ್ನು ದಿನವೂ ಮಾಡುತ್ತಾ ಹೋದವರಿಗೆ ಬಾಂಧವ್ಯ ಬೆಳೆಯುತ್ತದೆ. ಬಾಂಧವ್ಯ ಬಂದ ಮೇಲೆ ಮಾಡೋಣ ಎಂದು ಕಾಯುವವರಿಗೆ ಅದು ತಡವಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಭಾವನೆಯ ಮಾತು ಕಡಿಮೆ, ಕೆಲಸದ ಮಾತು ಹೆಚ್ಚು. ಹಂತ ಹಂತವಾಗಿ ಹೋಗೋಣ. ಇಲ್ಲಿರುವುದಕ್ಕೂ ನಿಮ್ಮ ವೈದ್ಯರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ವೈದ್ಯರ ಮಾತನ್ನೇ ಪಾಲಿಸಿ, ಏಕೆಂದರೆ ಅವರು ನಿಮ್ಮ ಹೆಂಡತಿಯನ್ನು ನೋಡಿದ್ದಾರೆ.

1. ಏಳನೇ ತಿಂಗಳಿನಲ್ಲೇ ಮುಗಿಸಬೇಕಾದದ್ದು

ಮೊದಲು ಆಸ್ಪತ್ರೆಯ ನಿಯಮ ಕೇಳಿ. ಹೆರಿಗೆ ಕೋಣೆಗೆ ಜೊತೆಗಾರರನ್ನು ಬಿಡುತ್ತಾರೆಯೇ? ಇಡೀ ಹೊತ್ತು ಇರಬಹುದೇ? ಸಿಸೇರಿಯನ್ ಆದರೆ ಶಸ್ತ್ರಚಿಕಿತ್ಸಾ ಕೊಠಡಿಯೊಳಗೂ ಬರಬಹುದೇ? ‘ನೋಡೋಣ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ, ಖಚಿತವಾಗಿ ಕೇಳಿ. ಹೆರುವ ಹೆಂಗಸು ತಾನೇ ಆರಿಸಿದ ಒಬ್ಬರು ಹೆರಿಗೆಯ ಉದ್ದಕ್ಕೂ ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಇಲ್ಲಿ ‘ತಾನೇ ಆರಿಸಿದ’ ಎಂಬ ಮಾತನ್ನು ಮರೆಯಬೇಡಿ. ಆಕೆಗೆ ಅಮ್ಮನೋ ಅಕ್ಕನೋ ಬೇಕು ಅನಿಸಿದರೆ ಅದು ನಿಮ್ಮ ಮೇಲಿನ ಅಪನಂಬಿಕೆ ಅಲ್ಲ. ಹಾಗಾದಾಗ ಬಾಗಿಲ ಹೊರಗಿನ ಕೆಲಸವೆಲ್ಲ ನಿಮ್ಮದು, ಮತ್ತು 6ನೇ ಹಂತದಿಂದ ಮುಂದಿನದೆಲ್ಲ ಹೇಗೂ ನಿಮ್ಮದೇ.

ಆಮೇಲೆ ಇಬ್ಬರೂ ಕುಳಿತು ಒಂದು ಪುಟದ ಚೀಟಿ ಬರೆಯಿರಿ. ನೋವು ಶಮನದ ಬಗ್ಗೆ ಆಕೆಯ ಇಚ್ಛೆ ಏನು, ಕೋಣೆಯಲ್ಲಿ ಯಾರಿರಬೇಕು, ಹುಟ್ಟಿದ ಕೂಡಲೇ ಮಗುವನ್ನು ಎದೆಯ ಮೇಲೆ ಇಡಬೇಕೇ, ತಾಯಿಗೆ ಎತ್ತಿಕೊಳ್ಳಲು ಆಗದಿದ್ದರೆ ಮಗು ಯಾರ ಎದೆಗೆ. ಬೇನೆ ಏರಿದಾಗ ಆಕೆಗೆ ಮಾತನಾಡುವ ತ್ರಾಣ ಇರುವುದಿಲ್ಲ. ಆಗ ಆಕೆಯ ಇಚ್ಛೆಯನ್ನು ನೆನಪಿಟ್ಟುಕೊಂಡು ಹೇಳುವವರು ನೀವು. ಚೀಟಿಯಲ್ಲಿದ್ದಂತೆಯೇ ಎಲ್ಲವೂ ನಡೆಯುತ್ತದೆ ಎಂದು ಮಾತ್ರ ಹಟ ಹಿಡಿಯಬೇಡಿ. ಹೆರಿಗೆ ಯಾರ ಪಟ್ಟಿಗೂ ಬಗ್ಗುವುದಿಲ್ಲ.

ಉಳಿದವು ಸಣ್ಣ ಕೆಲಸಗಳು: ಆಸ್ಪತ್ರೆಯ ಚೀಲ ಕಟ್ಟಿಡುವುದು, ಹಗಲಿಗೊಂದು ರಾತ್ರಿಗೊಂದು ವಾಹನದ ವ್ಯವಸ್ಥೆ, ದಾಖಲೆಗಳ ಒಂದು ಕಡತ, ಕಚೇರಿಯ ರಜೆ. ನಿಮ್ಮ ಚೀಲದಲ್ಲಿ ಮುಂದೆ ಗುಂಡಿ ಇರುವ ಒಂದು ಅಂಗಿ, ತಿನ್ನಲು ಏನಾದರೂ, ಒಂದು ಜೊತೆ ಚಪ್ಪಲಿ, ಮೊಬೈಲ್ ಚಾರ್ಜರ್ ಇರಲಿ. ಧೂಮಪಾನದ ಅಭ್ಯಾಸವಿದ್ದರೆ ಬಿಡುವ ಕಾಲ ಇದು. ಬಟ್ಟೆಗೆ, ಕೈಗೆ ಅಂಟಿದ ಹೊಗೆಯೂ ಎಳೆಗೂಸಿನ ಉಸಿರಿಗೆ ಕೇಡು. ನಾಯಿಕೆಮ್ಮಿನ ಲಸಿಕೆ ನೀವು ಹಾಕಿಸಿಕೊಳ್ಳಬೇಕೇ ಎಂದು ವೈದ್ಯರನ್ನು ವಿಚಾರಿಸಿ.

ಇನ್ನೊಂದು ಕೆಲಸಕ್ಕೆ ಯಾವ ಸಾಮಾನೂ ಬೇಡ. ಗರ್ಭದಲ್ಲಿರುವ ಶಿಶುವಿಗೆ ಸುಮಾರು 25ನೇ ವಾರದ ಹೊತ್ತಿಗೆ ಹೊರಗಿನ ಸದ್ದು ಕೇಳತೊಡಗುತ್ತದೆ. ದಿನವೂ ಹೊಟ್ಟೆಯ ಹತ್ತಿರ ಕುಳಿತು ಮಾತನಾಡಿ, ಓದಿ, ಹಾಡಿ. ಏನು ಮಾತನಾಡಿದಿರಿ ಎನ್ನುವುದು ಲೆಕ್ಕಕ್ಕಿಲ್ಲ. ದನಿ ಪರಿಚಯವಾದರೆ ಸಾಕು.

2. ಬೇನೆ ಶುರುವಾದಾಗ ಗಡಿಯಾರ ನಿಮ್ಮ ಕೈಯಲ್ಲಿರಲಿ

ಬೇನೆ ಎಂದರೆ ಗರ್ಭಕೋಶ ಬಿಗಿಯಾಗಿ, ಮತ್ತೆ ಸಡಿಲವಾಗುವುದು. ಅನುಮತಿ ಕೇಳಿ ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈ ಇಡಿ. ಹದವಾದ ಬಿಗಿತವಿದ್ದಾಗ ಹೊಟ್ಟೆ ಮೂಗಿನ ತುದಿಯಷ್ಟು ಮೆತ್ತಗಿರುತ್ತದೆ, ಒತ್ತಿದರೆ ತಗ್ಗುತ್ತದೆ. ಬಿಗಿತ ಹೆಚ್ಚಿದಂತೆ ಗದ್ದದಷ್ಟು ಗಟ್ಟಿ. ಜೋರಾದ ಬೇನೆಯಲ್ಲಿ ಹಣೆಯಷ್ಟು ಗಟ್ಟಿ, ಬೆರಳು ಒತ್ತಿದರೂ ಬಗ್ಗುವುದಿಲ್ಲ. ನಿಮ್ಮ ಮೂಗು, ಗದ್ದ, ಹಣೆಗಳನ್ನು ಈಗಲೇ ಮುಟ್ಟಿ ನೋಡಿಕೊಳ್ಳಿ. ಸೂಲಗಿತ್ತಿಯರು ಮತ್ತು ನರ್ಸ್‌ಗಳು ಕಲಿಯುವ ಅಳತೆಯೇ ಇದು.

ಲೆಕ್ಕ ಹಿಡಿಯುವ ರೀತಿ: ಒಂದು ಬೇನೆ ಶುರುವಾದ ಸಮಯ ಬರೆಯಿರಿ, ಅದು ಮುಗಿದ ಸಮಯ ಬರೆಯಿರಿ, ಮುಂದಿನದು ಶುರುವಾದ ಸಮಯ ಬರೆಯಿರಿ. ಶುರುವಿನಿಂದ ಶುರುವಿನವರೆಗಿನದು ಅಂತರ. ಹೆಚ್ಚಿನವರು ತಪ್ಪುವುದು ಇಲ್ಲೇ: ಒಂದು ಮುಗಿದಾಗಿನಿಂದ ಇನ್ನೊಂದು ಶುರುವಾಗುವವರೆಗೆ ಎಣಿಸುತ್ತಾರೆ. ನಡೆದಾಡಿದರೆ, ಮಲಗಿದರೆ, ಸ್ನಾನ ಮಾಡಿದರೆ ತಣಿದು ಹೋಗುವ, ಅಂತರವೂ ಏರುಪೇರಾಗುವ ನೋವು ಬಹುಮಟ್ಟಿಗೆ ಸುಳ್ಳು ಬೇನೆ. ನಿಜವಾದದ್ದು ಹೊತ್ತು ಹೋದಂತೆ ಹತ್ತಿರವಾಗುತ್ತದೆ, ಉದ್ದವಾಗುತ್ತದೆ, ಜೋರಾಗುತ್ತದೆ.

ಚೊಚ್ಚಲ ಹೆರಿಗೆಗೆ ಬಳಕೆಯಲ್ಲಿರುವ ಒಂದು ಸೂತ್ರವಿದೆ: 5 ನಿಮಿಷಕ್ಕೊಮ್ಮೆ, ಪ್ರತಿಯೊಂದೂ 1 ನಿಮಿಷ, ಹೀಗೆ 1 ಗಂಟೆ ಬಂದರೆ ಆಸ್ಪತ್ರೆಗೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಅಥವಾ ಇದು ಎರಡನೆಯ ಹೆರಿಗೆಯಾದರೆ ಅದಕ್ಕೂ ಮುಂಚೆಯೇ ಹೊರಡಬೇಕು, ಏಕೆಂದರೆ ಎರಡನೆಯ ಹೆರಿಗೆ ಸಾಮಾನ್ಯವಾಗಿ ಬೇಗ ಸಾಗುತ್ತದೆ.

ಸೂತ್ರಕ್ಕೆ ಕಾಯದೆ ತಕ್ಷಣ ಹೊರಡಬೇಕಾದ ಸಂದರ್ಭಗಳು:

- ರಕ್ತ ಹೋಗುತ್ತಿದೆ. ಲೋಳೆಯ ಜೊತೆ ಕಾಣುವ ಅಲ್ಪಸ್ವಲ್ಪ ಕೆಂಪು ಬೇರೆ, ಹರಿಯುವ ರಕ್ತ ಬೇರೆ.
- ಗರ್ಭಜಲ ಒಡೆದಿದ್ದು, ಅದರ ಬಣ್ಣ ಹಸಿರು ಅಥವಾ ಕಂದು. ಮಗು ಒಳಗೇ ಮಲ ವಿಸರ್ಜಿಸಿದೆ ಎಂಬ ಸೂಚನೆ ಅದು. ನೀರು ತಿಳಿಯಾಗಿದ್ದರೂ ಒಡೆದ ಸಮಯ ಬರೆದುಕೊಂಡು ಆಸ್ಪತ್ರೆಗೆ ತಿಳಿಸಿ.
- ಮಗುವಿನ ಅಲುಗಾಟ ಕಡಿಮೆಯಾಗಿದೆ ಎಂದು ಆಕೆ ಹೇಳುತ್ತಿದ್ದಾಳೆ.
- ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಅಥವಾ ಬಿಡುವೇ ಇಲ್ಲದ ಹೊಟ್ಟೆನೋವು.
- 37 ವಾರ ತುಂಬುವ ಮೊದಲೇ ಬೇನೆ.

ನೀರು ಒಡೆದ ಮೇಲೆ ಹೊಕ್ಕುಳಬಳ್ಳಿ ಹೊರಗೆ ಕಂಡರೆ, ಅಥವಾ ಯೋನಿಯೊಳಗೆ ಏನೋ ಇಳಿದಂತೆ ಆಕೆಗೆ ಅನಿಸಿದರೆ, ಅದು ಅಪರೂಪದ ಆದರೆ ನಿಮಿಷಗಳ ಲೆಕ್ಕದ ಅಪಾಯ. ತುರ್ತು ವಾಹನಕ್ಕೆ ಕರೆ ಮಾಡಿ. ಅದು ಬರುವವರೆಗೆ ಆಕೆ ಮೊಣಕಾಲೂರಿ, ಎದೆಯನ್ನು ನೆಲಕ್ಕೆ ತಗ್ಗಿಸಿ, ಸೊಂಟ ಎತ್ತರಿಸಿ ಇರಲಿ. ಬಳ್ಳಿಯನ್ನು ಒಳಕ್ಕೆ ತಳ್ಳಲು ಹೋಗಬೇಡಿ.

3. ಹೆರಿಗೆ ಕೋಣೆಯ ಉದ್ದ ಗಂಟೆಗಳು

ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದಲ್ಲಿಂದ ‘ಸಕ್ರಿಯ ಹಂತ’ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಿಡಿಯುತ್ತದೆ. ಅಲ್ಲಿಂದ ಪೂರ್ತಿ 10 ಸೆಂಟಿಮೀಟರ್ ಆಗುವುದು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ಅದಕ್ಕೂ ಹಿಂದಿನ ಹಂತಕ್ಕೆ ಇಂತಿಷ್ಟೇ ಎಂಬ ಅವಧಿ ಇಲ್ಲ, ಅದು ಇಡೀ ದಿನವೂ ಹಿಡಿಯಬಹುದು. ಹಾಗಾಗಿ ‘ಇನ್ನೆಷ್ಟು ಹೊತ್ತು?’ ಎಂದು ಬಂದ ನರ್ಸ್‌ಗಳನ್ನೆಲ್ಲ ಕೇಳುತ್ತಾ ಆಕೆಯ ಆತಂಕ ಹೆಚ್ಚಿಸಬೇಡಿ.

ಇಲ್ಲಿ ಕೈಗೆ ಕೆಲಸವಿದೆ. ಬಹಳ ಮಂದಿಗೆ ಬೇನೆ ಸೊಂಟದ ಹಿಂಭಾಗದಲ್ಲಿ ಕೂರುತ್ತದೆ. ಬೆನ್ನೆಲುಬು ಮುಗಿದು ಪೃಷ್ಠ ಶುರುವಾಗುವಲ್ಲಿ ಒಂದು ಚಪ್ಪಟೆ ಮೂಳೆ ಇದೆ. ಬೇನೆ ಏರುವಾಗ ಅಲ್ಲಿ ಅಂಗೈಯ ಬುಡವಿಟ್ಟು ಒತ್ತಿ. ತೋಳಿನ ಬಲದಿಂದ ಒತ್ತಿದರೆ ಹತ್ತು ನಿಮಿಷದಲ್ಲಿ ದಣಿಯುತ್ತೀರಿ. ಮೊಣಕೈ ನೇರ ಮಾಡಿ, ಒಂದು ಕಾಲು ಹಿಂದಿಟ್ಟು, ಮೈಭಾರವನ್ನೇ ಕೈಗೆ ಬಿಡಿ. ಉಜ್ಜಬೇಡಿ, ಒಂದೇ ಕಡೆ ಅದುಮಿ ಹಿಡಿಯಿರಿ. ‘ಇನ್ನೂ ಮೇಲೆ’, ‘ಇನ್ನೂ ಗಟ್ಟಿಯಾಗಿ’ ಎಂದು ಆಕೆ ಹೇಳಿದಂತೆ ಜಾಗ ಸರಿಸಿ. ಬೇನೆ ಇಳಿದಾಗ ನಿಧಾನವಾಗಿ ಬಿಡಿ. ನೀವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಒತ್ತಡ ಆಕೆಗೆ ಬೇಕಾಗುತ್ತದೆ.

ಬೇನೆಯ ನಡುವಿನ ಬಿಡುವಿನಲ್ಲಿ ವೈದ್ಯರು ಒಪ್ಪಿದ್ದರೆ ಒಂದು ಗುಟುಕು ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಹಣೆ ಒರೆಸಿ, ಭುಜ ಬಿಗಿದಿದ್ದರೆ ಸಡಿಲಿಸಲು ನೆನಪಿಸಿ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿಬರಲು ಹೇಳಿ. ತುಂಬಿದ ಮೂತ್ರಕೋಶ ಮಗು ಇಳಿಯುವ ದಾರಿಗೆ ಅಡ್ಡಿ. ಮಲಗಿಯೇ ಇರಬೇಕೆಂದಿಲ್ಲ. ನಡೆಯಬಹುದು, ನಿಮ್ಮ ಕುತ್ತಿಗೆಗೆ ಜೋತು ತೂಗಬಹುದು, ಮಂಡಿಯೂರಿ ಹಾಸಿಗೆಗೆ ಒರಗಬಹುದು.

ಉಸಿರಾಟ ಕಲಿಸುವ ಮೇಷ್ಟರಾಗಬೇಡಿ. ಆಕೆಯ ಕಣ್ಣೆದುರು ನೀವೇ ನಿಧಾನವಾಗಿ ಉಸಿರು ಬಿಡುತ್ತಿದ್ದರೆ ಆಕೆಯ ಉಸಿರು ತಾನಾಗಿ ಅದರ ಜೊತೆ ಸೇರಿಕೊಳ್ಳುತ್ತದೆ.

8ರಿಂದ 10 ಸೆಂಟಿಮೀಟರ್ ನಡುವೆ ಒಂದು ಕಡು ಗಳಿಗೆ ಬರುತ್ತದೆ. ಮೈ ನಡುಗಬಹುದು, ವಾಂತಿಯಾಗಬಹುದು. ‘ನನ್ನಿಂದ ಆಗುವುದಿಲ್ಲ, ಮನೆಗೆ ಹೋಗೋಣ’ ಎನ್ನಬಹುದು. ಮುಟ್ಟಿದರೆ ಕೈ ಕೊಡವಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಹಿಂದೆ ಸರಿಯಬೇಡಿ. ಆಕೆಗೆ ಕಾಣುವಂತೆ ನಿಂತು, ‘ಇಲ್ಲೇ ಇದ್ದೇನೆ’ ಎನ್ನಿ. ಅಷ್ಟು ಸಾಕು. ಉಪದೇಶ ಬೇಡ, ‘ಎಲ್ಲರೂ ಹೆತ್ತಿಲ್ಲವೇ’ ಎಂಬ ಮಾತಂತೂ ಬೇಡವೇ ಬೇಡ. ಆಕೆ ನೋವು ಶಮನ ಕೇಳಿದರೆ ಮೊದಲಿನ ಚೀಟಿ ತೋರಿಸಿ ವಾದಕ್ಕಿಳಿಯಬೇಡಿ. ನೋವು ತಿನ್ನುತ್ತಿರುವುದು ಆಕೆಯನ್ನು, ತೀರ್ಮಾನವೂ ಆಕೆಯದೇ. ಬೆನ್ನಿನ ಮೂಲಕ ಸಣ್ಣ ನಳಿಕೆ ಇಟ್ಟು ಸೊಂಟದ ಕೆಳಗೆ ನೋವು ತಗ್ಗಿಸುವ ಅರಿವಳಿಕೆಗೆ ಎಪಿಡ್ಯೂರಲ್ ಎನ್ನುತ್ತಾರೆ. ಅದನ್ನು ಕೊಡುವಾಗ ಆಕೆ ಬೆನ್ನು ಬಾಗಿಸಿ ಅಲುಗಾಡದೆ ಕೂರಬೇಕು. ಎದುರಿಗೆ ನಿಂತು ಭುಜ ಹಿಡಿಯುವ ಕೆಲಸ ನಿಮಗೆ ಬರಬಹುದು.

ನಿಮ್ಮ ಬಗ್ಗೆ ಒಂದು ಮಾತು. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಒಳಗೆ ಹೋಗಿ. ತಲೆ ಸುತ್ತಿದಂತಾದರೆ ಇದ್ದಲ್ಲೇ ನೆಲದ ಮೇಲೆ ಕುಳಿತುಬಿಡಿ, ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳುತ್ತೇನೆಂದು ಎದ್ದು ನಡೆಯಬೇಡಿ. ಜನ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಆಗಲೇ. ಮೊಬೈಲ್ ಮೌನದಲ್ಲಿರಲಿ. ನಂಟರಿಗೆ ಗಂಟೆಗೊಮ್ಮೆ ವರದಿ ಕೊಡುವ ಕೆಲಸವನ್ನು ಹೊರಗಿರುವ ಒಬ್ಬರಿಗೆ ಒಪ್ಪಿಸಿ.

4. ಮಗು ಹೊರಬರುವ ಹೊತ್ತು

ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮುಕ್ಕುವ ಹಂತ, ಅಂದರೆ ಮಗುವನ್ನು ಕೆಳಕ್ಕೆ ನೂಕಲು ಬಲ ಹಾಕುವ ಹಂತ. ಚೊಚ್ಚಲಲ್ಲಿ ಇದಕ್ಕೆ ಮೂರು ಗಂಟೆಯವರೆಗೂ ಹಿಡಿಯಬಹುದು. ಆಕೆಯ ತಲೆಯ ಬದಿಯಲ್ಲಿ ನಿಲ್ಲಿ. ಮಗು ಹೊರಬರುವ ಕಡೆ ನೋಡುವುದು ಬೇಡ ಅನಿಸಿದರೆ ನೋಡಬೇಕಿಲ್ಲ, ಅದರಿಂದ ನಿಮ್ಮ ಅಪ್ಪತನಕ್ಕೆ ಏನೂ ಕುಂದಿಲ್ಲ. ಯಾವಾಗ ಮುಕ್ಕಬೇಕು, ಯಾವಾಗ ತಡೆಯಬೇಕು ಎನ್ನುವುದನ್ನು ನರ್ಸ್ ಹೇಳುತ್ತಾರೆ. ಅವರ ದನಿಯ ಮೇಲೆ ನಿಮ್ಮ ದನಿ ಏರಿಸಬೇಡಿ.

ಈಗಷ್ಟೇ ಹುಟ್ಟಿದ ಮಗು ಚಿತ್ರಗಳಲ್ಲಿ ಕಂಡಂತೆ ಇರುವುದಿಲ್ಲ. ಮೈ ಮೊದಲು ನೇರಳೆಯಾಗಿದ್ದು ಆಮೇಲೆ ಕೆಂಪಾಗುತ್ತದೆ. ಅಂಗೈ ಅಂಗಾಲು ಒಂದು ದಿನದವರೆಗೂ ನೀಲಿ ಛಾಯೆಯಲ್ಲಿರಬಹುದು. ತಲೆ ಉದ್ದವಾಗಿರಬಹುದು, ದಾರಿಯಲ್ಲಿ ಬರುವಾಗ ಒತ್ತಿಕೊಂಡದ್ದು ಕೆಲವೇ ದಿನಗಳಲ್ಲಿ ಸರಿಯಾಗುತ್ತದೆ. ಮೈಮೇಲೆ ಬೆಣ್ಣೆಯಂಥ ಬಿಳಿ ಲೇಪ ಇರುತ್ತದೆ. ಅದು ಕೊಳೆ ಅಲ್ಲ, ಚರ್ಮದ ಕಾವಲು, ಉಜ್ಜಿ ತೆಗೆಯಬೇಕಿಲ್ಲ. ಮೊದಲ ಸ್ನಾನವನ್ನು 24 ಗಂಟೆ ಮುಂದೂಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಮೈಬಿಸಿ ಉಳಿಯಲಿ ಎನ್ನುವುದೂ ಒಂದು ಕಾರಣ.

‘ಅಪ್ಗಾರ್ ಎಂಟು’ ಎಂಬಂಥ ಮಾತು ಕಿವಿಗೆ ಬೀಳಬಹುದು. ಮಗುವಿನ ಬಣ್ಣ, ಹೃದಯಬಡಿತ, ಪ್ರತಿಕ್ರಿಯೆ, ಮಾಂಸಖಂಡಗಳ ಬಿಗಿ, ಉಸಿರು ಈ ಐದಕ್ಕೆ ತಲಾ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಹುಟ್ಟಿದ 1 ನಿಮಿಷಕ್ಕೆ ಮತ್ತು 5 ನಿಮಿಷಕ್ಕೆ ನೋಡುವ ಲೆಕ್ಕ ಅದು. ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ್ದು. ಮಗುವಿನ ಮುಂದಿನ ಬುದ್ಧಿಗೂ ಇದಕ್ಕೂ ನಂಟು ಹುಡುಕಬೇಡಿ.

ಹೊಕ್ಕುಳಬಳ್ಳಿ ಕತ್ತರಿಸಲು ನಿಮ್ಮನ್ನು ಕರೆಯಬಹುದು. ಕರೆದರೆ ಹೋಗಿ. ಬಳ್ಳಿ ಅಂದುಕೊಂಡದ್ದಕ್ಕಿಂತ ಗಡುಸು, ಒದ್ದೆ ಹಗ್ಗದಂತೆ ಜಾರುತ್ತದೆ, ಕತ್ತರಿಯನ್ನು ಗಟ್ಟಿಯಾಗಿ ಒತ್ತಬೇಕಾಗುತ್ತದೆ. ತಾಯಿಗೂ ಮಗುವಿಗೂ ಅಲ್ಲಿ ನೋವಿನ ನರ ಇಲ್ಲ. ಮಗು ಚೆನ್ನಾಗಿದ್ದರೆ ಕನಿಷ್ಠ 1 ನಿಮಿಷ ಕಾದೇ ಬಳ್ಳಿಗೆ ಕ್ಲಿಪ್ ಹಾಕುವುದು ಒಳ್ಳೆಯದು, ಮಾಸಿನಲ್ಲಿರುವ ರಕ್ತ ಆಗ ಮಗುವಿಗೆ ಸೇರುತ್ತದೆ. ಮಾಸು ಎಂದರೆ ಗರ್ಭದಲ್ಲಿ ಮಗುವಿಗೆ ಆಹಾರ ಕೊಟ್ಟ ಅಂಗ. ಅದು ಹೊರಬರುವವರೆಗೆ ಹೆರಿಗೆ ಮುಗಿದಿಲ್ಲ. ಮಗುವಿನ ಫೋಟೊ ಹಿಡಿದು ಹೊರಗೆ ಓಡುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಹೆಂಡತಿಯ ಪಕ್ಕದಲ್ಲೇ ಇರಿ.

5. ಸಿಸೇರಿಯನ್ ಆದರೆ

ಬಿಡುತ್ತಾರೆಂದಾದರೆ ನಿಮ್ಮ ಜಾಗ ಆಕೆಯ ತಲೆಯ ಹತ್ತಿರದ ಕುರ್ಚಿ. ನಡುವೆ ಪರದೆ ಇರುತ್ತದೆ, ಕೊಯ್ಯುವುದು ಕಾಣುವುದಿಲ್ಲ. ಹಸಿರು ಅಥವಾ ನೀಲಿ ಬಟ್ಟೆ ಹೊದಿಸಿದ ಯಾವುದನ್ನೂ ಮುಟ್ಟಬೇಡಿ, ಅವು ಸೋಂಕುರಹಿತ ಮಾಡಿಟ್ಟವು. ಸಾಮಾನ್ಯವಾಗಿ ಆಕೆ ಎಚ್ಚರವಾಗಿಯೇ ಇರುತ್ತಾಳೆ. ನೋವಿರುವುದಿಲ್ಲ, ಆದರೆ ಎಳೆದಂತೆ, ಅಲುಗಿಸಿದಂತೆ ಅನಿಸುತ್ತದೆ. ಕೈ ಹಿಡಿದು ಮಾತನಾಡಿಸುತ್ತಿರಿ. ಮಗು ಹೊರಬಂದ ಮೇಲೆ ಹೊಲಿಗೆಗೆ ಇನ್ನೂ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಹಿಡಿಯಬಹುದು. ತಾಯಿಯ ಎದೆಗೆ ಕೊಡಲು ಆಗದಿದ್ದರೆ ಆ ಹೊತ್ತು ನಿಮ್ಮದು. ‘ನನ್ನ ಎದೆಗೆ ಕೊಡಿ’ ಎಂದು ಬಾಯಿಬಿಟ್ಟು ಕೇಳಿ.

6. ಎದೆಗೆ ಎದೆ: ಮೊದಲ ಗಂಟೆ, ಮತ್ತು ಆಮೇಲೆ ದಿನವೂ

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬರಿ ಮೈಯ ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿಕೊಳ್ಳುವುದರಿಂದ ಮಗುವಿನ ಮೈಬಿಸಿ, ಉಸಿರು, ಎದೆಬಡಿತ ಸ್ಥಿರವಾಗುತ್ತವೆ, ಅಳು ತಗ್ಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ತೂಕ ಕಡಿಮೆಯ ಶಿಶುಗಳನ್ನು ಹೀಗೆ ತಾಯಿಯ ಎದೆಗೆ ಕಟ್ಟಿಸಲು ಶುರುಮಾಡಿದಾಗ ಅಲ್ಲಿ ಬೆಚ್ಚಗಿಡುವ ಪೆಟ್ಟಿಗೆಗಳ ಕೊರತೆ ಇತ್ತು. ಇಂದು ಅದೇ ಪದ್ಧತಿ ‘ಕಾಂಗರೂ ಆರೈಕೆ’ ಎಂಬ ಹೆಸರಿನಲ್ಲಿ ಲೋಕದಲ್ಲೆಲ್ಲ ಇದೆ. ಮೊದಲ ಹಕ್ಕು ತಾಯಿಯದು. ತಾಯಿ ಸ್ನಾನಕ್ಕೆ ಹೋದಾಗ, ಮಲಗಿದಾಗ, ಶಸ್ತ್ರಚಿಕಿತ್ಸೆಯಲ್ಲಿದ್ದಾಗ ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಮಾಡುವ ಕ್ರಮ:

1. ಕೈ ತೊಳೆಯಿರಿ. ಸುಗಂಧ ಹಾಕಿಕೊಳ್ಳಬೇಡಿ, ಮಗು ನಿಮ್ಮ ಮೈವಾಸನೆಯನ್ನೇ ಕಲಿಯಲಿ. ಅಂಗಿಯ ಗುಂಡಿ ಬಿಚ್ಚಿ.
2. ಹಿಂದಕ್ಕೆ ಅರ್ಧ ಒರಗಿ ಕುಳಿತುಕೊಳ್ಳಿ. ಪೂರ್ತಿ ಅಂಗಾತ ಮಲಗಬೇಡಿ.
3. ಡೈಪರ್ ಮಾತ್ರ ಇರುವ ಮಗುವನ್ನು ಎದೆಯ ನಡುವೆ ನೆಟ್ಟಗೆ ಇರಿಸಿ. ಕಾಲುಗಳು ಕಪ್ಪೆಯಂತೆ ಮಡಚಿಕೊಳ್ಳಲಿ.
4. ಮುಖ ಒಂದು ಪಕ್ಕಕ್ಕೆ ತಿರುಗಿರಲಿ. ಮೂಗು, ಬಾಯಿ ಸದಾ ನಿಮ್ಮ ಕಣ್ಣಿಗೆ ಕಾಣಬೇಕು. ಗದ್ದ ಎದೆಗೆ ಅದುಮಿ ಕತ್ತು ಮಡಚಿಕೊಂಡರೆ ಉಸಿರಿಗೆ ತೊಂದರೆ.
5. ಬೆನ್ನ ಮೇಲೆ ಹೊದಿಕೆ ಹಾಕಿ, ಒಂದು ಕೈ ಪೃಷ್ಠದ ಕೆಳಗಿರಲಿ.
6. ಒಂದು ಗಂಟೆಯಾದರೂ ಹಾಗೇ ಇರಿ.

ನಿದ್ದೆ ಎಳೆಯುತ್ತಿದ್ದರೆ ಮಗುವನ್ನು ಬೇರೆಯವರಿಗೆ ಕೊಡಿ ಅಥವಾ ಅದರ ಹಾಸಿಗೆಯಲ್ಲಿ ಮಲಗಿಸಿ. ಮಗುವನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ನಿದ್ದೆ ಹೋಗುವುದು ಪ್ರಾಣಕ್ಕೇ ಅಪಾಯ. ಮೊಬೈಲ್ ನೋಡುವುದೂ ಬೇಡ, ಉಸಿರಿನ ಮೇಲಿನ ಗಮನ ತಪ್ಪುತ್ತದೆ.

ಮೊದಮೊದಲು ಮಗು ಕೈಕಾಲು ಬಡಿಯಬಹುದು, ನಿಮ್ಮ ಎದೆಯಲ್ಲೇ ಬಾಯಿ ಆಡಿಸಿ ಮೊಲೆ ಹುಡುಕಬಹುದು. ಗಾಬರಿಯಾಗಬೇಡಿ, ಹಸಿದಿದ್ದರೆ ತಾಯಿಯ ಬಳಿ ಒಯ್ಯಿರಿ. ಹಸಿವಿಲ್ಲದಿದ್ದರೆ ಕೆಲವು ನಿಮಿಷಗಳಲ್ಲಿ ಅದರ ಮುಷ್ಟಿ ಸಡಿಲವಾಗುತ್ತದೆ, ಬೆರಳುಗಳು ಒಂದೊಂದಾಗಿ ಬಿಚ್ಚಿ ನಿಮ್ಮ ಎದೆಯ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ನಿಮ್ಮ ಒಂದು ಉಸಿರಿಗೆ ಅದರ ಪುಟ್ಟ ಬೆನ್ನು ಎರಡು ಮೂರು ಸಲ ಏರಿಳಿಯುತ್ತದೆ. ಆಗ ತಲೆ ಬಗ್ಗಿಸಿ ಮಾತನಾಡಿ. ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಎದೆಯ ಮೇಲಿನ ಮಗುವಿಗೆ ನಿಮ್ಮ ಮುಖ ಇರುವುದು ಸರಿಯಾಗಿ ಅಷ್ಟೇ ದೂರದಲ್ಲಿ.

ಮಗುವನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರೂ ಇದನ್ನು ಕೇಳುವುದು ಬಿಡಬೇಡಿ. ಎದೆಗೆ ಕೊಡುವ ಸ್ಥಿತಿ ಇನ್ನೂ ಬಂದಿಲ್ಲವೆಂದರೆ ಒಂದು ಅಂಗೈಯನ್ನು ತಲೆಯ ಮೇಲೆ, ಇನ್ನೊಂದನ್ನು ಪಾದಗಳ ಮೇಲೆ ಅಲುಗಿಸದೆ ಇರಿಸಿ ಮಾತನಾಡಲು ಅನುಮತಿ ಕೇಳಿ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಸವರುವುದಕ್ಕಿಂತ ಕದಲದ ಕೈ ಹಿತ.

7. ಹಾಲುಣಿಸುವುದರಲ್ಲಿ ನಿಮ್ಮ ಪಾಲು

‘ಹಾಲು ಕೊಡುವುದು ಅಮ್ಮ, ನಾನೇನು ಮಾಡಲಿ’ ಎಂದು ದೂರ ಕೂರುವುದೇ ಇಲ್ಲಿ ದೊಡ್ಡ ತಪ್ಪು. ಮೊದಲ ವಾರಗಳಲ್ಲಿ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಹಸಿವಿನ ಮೊದಲ ಸೂಚನೆ ಅಳು ಅಲ್ಲ: ಕೈ ಬಾಯಿಗೆ ಒಯ್ಯುವುದು, ತುಟಿ ಚಪ್ಪರಿಸುವುದು, ತಲೆ ಅತ್ತಿತ್ತ ಹೊರಳಿಸುವುದು. ಇದನ್ನು ಮೊದಲು ಗುರುತಿಸುವ ಕಣ್ಣು ನಿಮ್ಮದಾಗಲಿ. ಮಗುವನ್ನು ಎತ್ತಿ ತಾಯಿಗೆ ಕೊಡಿ, ಬೆನ್ನಿಗೆ ದಿಂಬು ಸೇರಿಸಿ, ಕೈಗೆಟಕುವಂತೆ ನೀರಿಡಿ, ಮುಗಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸಿ.

ಮೊದಲ ದಿನಗಳ ಹಳದಿ, ಮಂದ ಹಾಲು ಅಳತೆಯಲ್ಲಿ ಕಡಿಮೆ. ಮಗುವಿನ ಹೊಟ್ಟೆಗೆ ಅಷ್ಟೇ ಸಾಕು. ‘ಹಾಲು ಸಾಲುತ್ತಿಲ್ಲ’ ಎಂಬ ಮಾತು ನಾಲ್ಕು ಕಡೆಯಿಂದ ಬಂದಾಗ ಗೋಡೆಯಾಗಿ ನಿಲ್ಲಬೇಕಾದವರು ನೀವು. ಮಾತಿನ ಬದಲು ಲೆಕ್ಕ ನೋಡಿ: ಐದನೇ ದಿನದಿಂದ ದಿನಕ್ಕೆ ಆರಾದರೂ ಒದ್ದೆ ಡೈಪರ್, ಕಪ್ಪು ಮಲ ಹಸಿರಾಗಿ ಆಮೇಲೆ ಹಳದಿಗೆ ತಿರುಗುವುದು, ಮೊದಲು ಇಳಿದ ತೂಕ ಎರಡು ವಾರದೊಳಗೆ ಮರಳುವುದು. ಇವಿಷ್ಟು ಸರಿಯಿದ್ದರೆ ಹಾಲು ಸಾಲುತ್ತಿದೆ. ಸರಿಯಿಲ್ಲದಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಯಾವುದೋ ಕಾರಣಕ್ಕೆ ಪುಡಿಹಾಲು ಕೊಡಲೇಬೇಕಾಗಿ ಬಂದರೆ ಅದನ್ನು ಸೋಲೆಂದು ಭಾವಿಸಬೇಡಿ, ಹೆಂಡತಿಗೂ ಹಾಗನ್ನಿಸದಂತೆ ನೋಡಿಕೊಳ್ಳಿ.

8. ಪೂರ್ತಿ ನಿಮ್ಮದೇ ಆದ ಒಂದು ಕೆಲಸ

ದಿನಚರಿಯಲ್ಲಿ ಒಂದನ್ನು ಆರಿಸಿಕೊಳ್ಳಿ: ಸಂಜೆಯ ಸ್ನಾನ, ರಾತ್ರಿಯ ಡೈಪರ್, ಬೆಳಗಿನ ಎಳೆಬಿಸಿಲಿನ ಹೊತ್ತಿನ ನಡಿಗೆ, ಯಾವುದಾದರೂ ಸರಿ. ಅದು ನಿಮ್ಮ ಕೆಲಸವೆಂದು ಮನೆಯವರಿಗೆಲ್ಲ ಗೊತ್ತಾಗಲಿ. ಮೊದಲ ವಾರ ಕೈ ನಡುಗುತ್ತದೆ. ಆಗ ‘ಕೊಡಿ ಇಲ್ಲಿ, ನಿಮಗೆ ಬರುವುದಿಲ್ಲ’ ಎಂದು ಯಾರಾದರೂ ಕಸಿದುಕೊಳ್ಳಲು ಬಂದರೆ ಕೊಡಬೇಡಿ. ತಾಯಂದಿರಿಗೂ ಒಂದು ವಿನಂತಿ: ಗಂಡ ಡೈಪರ್ ಓರೆಯಾಗಿ ಕಟ್ಟಿದರೆ ಹಾಗೇ ಇರಲಿ ಬಿಡಿ. ತಿದ್ದಿಸಿಕೊಂಡೇ ಇರುವವರು ಮೆಲ್ಲನೆ ಕೈಬಿಡುತ್ತಾರೆ.

ಫಿಲಿಪ್ಪೀನ್ಸ್‌ನಲ್ಲಿ 600ಕ್ಕೂ ಹೆಚ್ಚು ಯುವಕರನ್ನು ಕೆಲವು ವರ್ಷ ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಪ್ಪನಾದವರಲ್ಲಿ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನು ಇಳಿದದ್ದು ಕಂಡುಬಂದಿತು. ಮಗುವಿನ ಆರೈಕೆಯಲ್ಲಿ ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ತೊಡಗಿದ್ದವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಆರೈಕೆ ಗಂಡಸಿನ ಮೈಗೂ ಒಗ್ಗಿದ್ದೇ ಎನ್ನುವುದಕ್ಕೆ ಇದಕ್ಕಿಂತ ಸರಳ ಮಾತು ನನಗೆ ಬೇಕೆನಿಸುವುದಿಲ್ಲ.

ಸ್ನಾನಕ್ಕೆ ಮೊದಲು ತಣ್ಣೀರು ಸುರಿದು ಆಮೇಲೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ. ಮೊಣಕೈಗೆ ಬಿಸಿಯೂ ತಣ್ಣಗೂ ಅನಿಸಬಾರದು. ಬಾಗಿಲು ಬಡಿದರೂ ಫೋನ್ ಬಂದರೂ ಮಗುವಿನ ಮೇಲಿನ ಕೈ ತೆಗೆಯಬೇಡಿ. ಹೊಕ್ಕುಳ ಒಣಗಿ ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಕು. ಹೊಕ್ಕುಳಕ್ಕೆ ವೈದ್ಯರು ಹೇಳದ ಏನನ್ನೂ ಹಚ್ಚಬೇಡಿ.

ಮಲಗಿಸುವುದು ಯಾವಾಗಲೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ನಿಮ್ಮದೇ ಕೋಣೆಯಲ್ಲಿ ಆದರೆ ಪ್ರತ್ಯೇಕವಾಗಿ. ದಿಂಬು, ಮೆತ್ತನೆ ಗೊಂಬೆ, ಸಡಿಲ ಹೊದಿಕೆ ಪಕ್ಕದಲ್ಲಿರಬಾರದು.

ಅಳು ಎರಡನೇ ವಾರದಿಂದ ಏರುತ್ತಾ ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಹಾಲಾಯಿತು, ಡೈಪರ್ ಆಯಿತು, ಎತ್ತಿ ನಡೆದಾಡಿಸಿಯೂ ಆಯಿತು, ಆದರೂ ನಿಲ್ಲುತ್ತಿಲ್ಲ, ನಿಮ್ಮ ಸಹನೆ ಮುಗಿಯುತ್ತಿದೆ ಅನಿಸಿದರೆ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಬಾಗಿಲಾಚೆ ಹೋಗಿ ಐದು ನಿಮಿಷ ನಿಂತು ಬನ್ನಿ. ಅತ್ತದ್ದರಿಂದ ಮಗುವಿಗೆ ಏನೂ ಆಗುವುದಿಲ್ಲ. ಹಿಡಿದು ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸಾಯಬಹುದು, ಕಣ್ಣು ಹೋಗಬಹುದು. ಎಂಥ ಸಿಟ್ಟಿನಲ್ಲೂ ಮಗುವನ್ನು ಕುಲುಕಬಾರದು.

9. ಕಣ್ಣಿಟ್ಟು ನೋಡಬೇಕಾದ ಅಪಾಯಗಳು

ತಾಯಿಯಲ್ಲಿ: ಗಂಟೆಯೊಳಗೆ ಒಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ವಿಪರೀತ ತಲೆನೋವು ಅಥವಾ ಕಣ್ಣು ಮಂಜು, ಒಂದೇ ಮೀನಖಂಡದಲ್ಲಿ ಬಾವು ಮತ್ತು ನೋವು, ಎದೆನೋವು, ಉಸಿರು ಕಟ್ಟುವುದು. ಬೆಳಗಾಗಲಿ ಎಂದು ಕಾಯಬೇಡಿ.

ಮಗುವಿನಲ್ಲಿ: ಹಾಲು ಕುಡಿಯುವುದನ್ನೇ ಬಿಡುವುದು, ಎಬ್ಬಿಸಿದರೂ ಏಳದೆ ಜೋತುಬೀಳುವುದು, ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ, ಇಲ್ಲವೇ 35.5ಕ್ಕಿಂತ ಕೆಳಗೆ, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಉಸಿರಾಡುವಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು, ಸೆಳವು, ಹುಟ್ಟಿದ 24 ಗಂಟೆಯೊಳಗೇ ಕಾಣುವ ಕಾಮಾಲೆ ಅಥವಾ ಅಂಗೈ ಅಂಗಾಲಿಗೂ ಇಳಿದ ಹಳದಿ. ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ.

ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಬಾಣಂತಿಗೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ಅದು ತಣಿಯುತ್ತದೆ. ಅದಕ್ಕೂ ಮೀರಿ ಮಂಕು, ನಿದ್ರೆ ಬಾರದಿರುವುದು, ಮಗುವಿನ ಮೇಲೆ ಆಸಕ್ತಿ ಇಲ್ಲದಿರುವುದು ಮುಂದುವರಿದರೆ ಅದು ಪ್ರಸವೋತ್ತರ ಖಿನ್ನತೆ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ‘ಧೈರ್ಯ ತಂದುಕೋ’ ಎನ್ನುವುದು ಮದ್ದಲ್ಲ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ, ಒಂಟಿಯಾಗಿ ಬಿಡದೆ ಆಗಲೇ ಕರೆದೊಯ್ಯಿರಿ.

10. ನಿಮ್ಮ ಮನಸ್ಸಿಗೂ ವೈದ್ಯರಿದ್ದಾರೆ

ಖಿನ್ನತೆ ಅಪ್ಪಂದಿರನ್ನೂ ಹಿಡಿಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಗರ್ಭಾವಸ್ಥೆಯಿಂದ ಮಗುವಿಗೆ ವರ್ಷ ತುಂಬುವವರೆಗಿನ ಅವಧಿಯಲ್ಲಿ ಹತ್ತರಲ್ಲಿ ಸುಮಾರು ಒಬ್ಬ ಅಪ್ಪನಿಗೆ ಇದು ಕಾಣಿಸಿಕೊಳ್ಳುತ್ತದೆ. ಗಂಡಸರಲ್ಲಿ ಇದು ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ಕುಡಿತ, ಕಚೇರಿಯಲ್ಲೇ ಹೊತ್ತು ಕಳೆಯುವುದು, ಮನೆಯ ಬಾಗಿಲಿಗೆ ಬಂದಾಗ ಕಾಲು ಹಿಂಜರಿಯುವುದು, ಹೀಗೆ ಕಾಣುತ್ತದೆ. ಎರಡು ವಾರ ಮೀರಿ ಹೀಗಿದ್ದರೆ ವೈದ್ಯರಿಗೆ ಹೇಳಿ. ಹೆಂಡತಿಗೂ ಹೇಳಿ.

ಪ್ರೀತಿ ಇನ್ನೂ ಬಂದಿಲ್ಲವೆಂಬ ಕೊರಗಷ್ಟೇ ಇದ್ದರೆ 6ನೇ ಹಂತವನ್ನು ದಿನಕ್ಕೊಂದು ಗಂಟೆ ಮುಂದುವರಿಸಿ. ಕೆಲಸಕ್ಕೆ ದೂರ ಹೋಗಲೇಬೇಕಾದವರು ಬಂದ ದಿನ ಮತ್ತೆ ಅಲ್ಲಿಂದಲೇ ಶುರುಮಾಡಿ, ಮಗು ಎರಡು ದಿನ ಹೊಸಬರಂತೆ ನೋಡಿದರೂ ಬೇಸರಿಸಬೇಡಿ. ಆರರಿಂದ ಎಂಟನೇ ವಾರದ ಹೊತ್ತಿಗೆ ಮಗು ಮುಖ ನೋಡಿ ನಗಲು ಕಲಿಯುತ್ತದೆ. ಡೈಪರ್ ಬದಲಿಸುವಾಗ ಅದರ ಮುಖದಿಂದ ಎರಡು ಗೇಣಿನೊಳಗೆ ಬಾಗಿ, ಮಾತನಾಡಿ, ಮಾತು ನಿಲ್ಲಿಸಿ, ಕಾಯಿರಿ. ಉತ್ತರ ಕೊಡಲು ಅದಕ್ಕೆ ಹತ್ತು ಸೆಕೆಂಡಾದರೂ ಬೇಕು.